ಗುನ್ವೊರ್ ತರದ ಕೇಕು

ಮಾಡಿದ ತಪ್ಪಿಗೆ ಕೇಕು ತರುವುದರಲ್ಲಿ ಗುನ್ವೊರ್ ಎಂದೂ ಹಿಂದೆಮುಂದೆ ನೋಡಿದವಳಲ್ಲ. ಒಮ್ಮೆ ಫ್ರೀಜರಿನ ಬಾಗಿಲು ಸರಿಯಾಗಿ ಹಾಕದೆ ಮನೆಗೆ ಹೋಗಿದ್ದಳು. ಬೆಳಿಗ್ಗೆ ಬಂದು ನೋಡಿದರೆ ನೆಲದ ತುಂಬ ನೀರು. ಆ ಶುಕ್ರವಾರ ಸೇಬಿನ ಕೇಕು ತಂದಳು. ಇನ್ನೊಮ್ಮೆ, ಪ್ರೊಫೆಸರ್ ಪ್ರೆಬೆನ್‌ನನ್ನು ಚೆನ್ನಾಗಿ ಬೈದು ಗಂಡನಿಗೆ ಬರೆದ ಇಮೇಲು ಹೇಗೋ ಇಡೀ ವಿಭಾಗಕ್ಕೆ ಹೋಗಿಬಿಟ್ಟಿತು. ಆಗ ಎರಡು ಕೇಕು ತಂದಳು, ಒಂದು ಎಡವಟ್ಟಿಗೆ, ಇನ್ನೊಂದು ಬೈಗುಳಕ್ಕೆ. ಆರ್ಹುಸ್ ಎಂಬ ಡೇನಿಷ್ ಊರಿನ ಆ ಪ್ರಯೋಗಶಾಲೆಯಲ್ಲಿ ಅದು ರೂಢಿ. ಯಾರೇ ಎಡವಟ್ಟು ಮಾಡಲಿ, ಶುಕ್ರವಾರದ ಕಾಫಿಗೆ ಕೇಕು ಅವರದು. ಎಲ್ಲರೂ ಕೂತು ನಗುತ್ತ ತಿಂದರೆ ಮಾತು ಅಲ್ಲಿಗೆ ಮುಗಿಯಿತು. ಆಮೇಲೆ ಅದನ್ನು ಯಾರೂ ಎತ್ತುವ ಹಾಗಿಲ್ಲ, ಪ್ರೊಫೆಸರ್ ಕೂಡ.

ಒಂದೇ ಒಂದು ಕೇಕನ್ನು ಮಾತ್ರ ಅವಳು ತರಲಿಲ್ಲ. ವರ್ಷಗಟ್ಟಲೆ ತರಲಿಲ್ಲ. ಜನ ಹಟಮಾರಿ ಎಂದರು, ತಮಾಷೆ ಗೊತ್ತಾಗದ ಹೆಂಗಸು ಎಂದರು. ಹಟವೇ ಸರಿ. ಮಾಡದ ತಪ್ಪಿಗೆ ಹಿಟ್ಟು ಕಲಸಿ, ಒಲೆ ಹೊತ್ತಿಸಿ, ನಗುನಗುತ್ತ ತಟ್ಟೆಗೆ ಹಾಕಿ ಕೊಡಬೇಕು ಎನ್ನುವುದು ಯಾವ ಊರಿನ ನ್ಯಾಯ?

ಈ ಹಟ ಅವಳಿಗೆ ಅಪ್ಪನಿಂದ ಬಂದದ್ದು. ಮೋರ್ಸ್ ದ್ವೀಪದಲ್ಲಿ ಅವಳ ಅಪ್ಪ ಹಸು ಕಟ್ಟಿಕೊಂಡಿದ್ದ. ಹಾಲಿಗೆ ನೀರು ಬೆರೆಸಿದ್ದೀಯ ಎಂದು ಡೇರಿಯ ಮೇಲ್ವಿಚಾರಕ ಒಂದು ಸಲ ನಾಲ್ಕು ಜನರ ಮುಂದೆ ಅಂದುಬಿಟ್ಟ. ನೀರು ಬೆರೆತದ್ದು ಡೇರಿಯ ಗಾಡಿಯಲ್ಲೇ ಎಂದು ಆಮೇಲೆ ಊರಿಗೆಲ್ಲ ಗೊತ್ತಾಯಿತು. ಆದರೆ ಆ ಮನುಷ್ಯ ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಅಪ್ಪ ಜಗಳವಾಡಲಿಲ್ಲ. ಅವನು ರಸ್ತೆಯ ಈ ಕಡೆ ಬಂದರೆ ತಾನು ಆ ಕಡೆ ನಡೆದ, ಅಷ್ಟೆ. ಕೊನೆಗೆ ಮೇಲ್ವಿಚಾರಕ ಸತ್ತಾಗ ಹ್ಯಾಟು ಕೈಯಲ್ಲಿ ಹಿಡಿದು ಮಣ್ಣಿಗೆ ಹೋದ. ಮಣ್ಣಾದ ಮೇಲೆ ಆ ಮನೆಯವರು ಕಾಫಿಗೆ ಕರೆದರು, ಅಪ್ಪ ಕುಡಿಯದೆ ಮನೆಗೆ ಬಂದ. ಆ ಸೀಮೆಯಲ್ಲಿ ಸತ್ತವರ ಮನೆಯ ಕಾಫಿ ಬೇಡವೆನ್ನುವುದು ಸಣ್ಣ ಮಾತಲ್ಲ. ಆಗ ಸ್ಕೂಲಿಗೆ ಹೋಗುತ್ತಿದ್ದ ಗುನ್ವೊರ್‌ಗೆ ನಾಚಿಕೆಯಾಗಿತ್ತು. ದೊಡ್ಡವಳಾದ ಮೇಲೆ ಆ ನಾಚಿಕೆ ಹೋಯಿತು.

ಅವಳೂ ಪ್ರೆಬೆನ್ನೂ ಒಂದೇ ತರಗತಿಯಲ್ಲಿ ಜೀವಶಾಸ್ತ್ರ ಓದಿದವರು. ಒಂದೇ ಮೇಜಿನಲ್ಲಿ ನಿಂತು ಒಂದೇ ಕಾಡ್ ಮೀನು ಕೊಯ್ದವರು. ಪಡೆದ ಪದವಿಯೂ ಒಂದೇ. ಅವನಿಗೆ ಬಾಯಿತ್ತು, ಇವಳಿಗೆ ಕೈಯಿತ್ತು. ಬಾಯಿದ್ದವನು ಪ್ರೊಫೆಸರಾದ; ಕೈಯಿದ್ದವಳು ಅವನ ಪ್ರಯೋಗಶಾಲೆಯಲ್ಲಿ ಪ್ರಯೋಗ ಮಾಡುವವಳಾದಳು. ಅದರ ಬಗ್ಗೆ ಅವಳಿಗೆ ಹೊಟ್ಟೆಯುರಿ ಇರಲಿಲ್ಲ. ವೇದಿಕೆ ಹತ್ತಿ ನಿಂತು ದೇಶವಿದೇಶದವರ ಮುಂದೆ ಮಾತಾಡು ಎಂದರೆ ಅವಳಿಗೆ ಬೆವರು ಬರುತ್ತಿತ್ತು. ಬೆಳಿಗ್ಗೆ ಸೈಕಲ್ಲು ತುಳಿದು ಬಂದು, ಬಿಳಿ ಕೋಟು ಹಾಕಿ, ಥರ್ಮಾಸಿನಿಂದ ಕಾಫಿ ಬಗ್ಗಿಸಿಕೊಂಡು ಕೆಲಸಕ್ಕೆ ಕೂತರೆ ಮಧ್ಯಾಹ್ನದ ಊಟದ ರೈ ಬ್ರೆಡ್ಡಿನವರೆಗೆ ತಲೆಯೆತ್ತುತ್ತಿರಲಿಲ್ಲ. ಇಲಿಗಳಿಗೆ ಹೆಸರಿಟ್ಟು ಮುದ್ದಾಡುವ ಜಾತಿಯವಳಲ್ಲ ಅವಳು. ಆದರೆ ಅವಳ ಕೈಗೆ ಸಿಕ್ಕ ಇಲಿ ಕಿರುಚಿದ್ದನ್ನು ಕೇಳಿದವರಿಲ್ಲ.

ಆ ಪ್ರಯೋಗಶಾಲೆಯ ಕಸುಬು ನೆನಪು. ನೆನಪು ತಲೆಯಲ್ಲಿ ನಿಲ್ಲಬೇಕಾದರೆ ನರಕೋಶಗಳು ಒಂದಕ್ಕೊಂದು ಸೇರುವ ಸಂದಿನಲ್ಲಿ ಹೊಸ ಪ್ರೋಟೀನು ಕಟ್ಟಬೇಕು ಎಂದು ಅವರಿಗಿಂತ ಹಿಂದಿನವರು ಹೇಳಿದ್ದರು. ಗುನ್ವೊರ್ ಮತ್ತು ಪ್ರೆಬೆನ್ ಕೆಲಸ ಮಾಡಿದ್ದು ಅದರ ಇನ್ನೊಂದು ತುದಿಯ ಮೇಲೆ: ಕಟ್ಟುವುದಕ್ಕೆ ಮೊದಲು ಒಡೆಯಬೇಕು. ಜೀವಕೋಶದೊಳಗೆ, ಗುರುತು ಹಚ್ಚಿದ ಹಳೆಯ ಪ್ರೋಟೀನನ್ನು ಚೂರುಚೂರು ಮಾಡುವ ಪುಟ್ಟ ಗಿರಣಿಗಳಿವೆ. ಹಳೆಯದೊಂದನ್ನು ನೆನೆಸಿಕೊಂಡಾಗ ಆ ಗಿರಣಿ ಓಡುತ್ತದೆ. ಬಿಗಿದಿದ್ದ ಸಂದು ಸಡಿಲವಾಗುತ್ತದೆ. ಆಮೇಲೆ ಹೊಸ ಪ್ರೋಟೀನು ಬಂದು ಮತ್ತೆ ಬಿಗಿಯುತ್ತದೆ. ಸಡಿಲವಾಗಿದ್ದ ಆ ಹೊತ್ತಿನಲ್ಲಿ ಹೊಸದೇನಾದರೂ ಒಳಗೆ ಬಂದರೆ ಅದೂ ಸೇರಿಯೇ ಬಿಗಿದುಕೊಳ್ಳುತ್ತದೆ.

ಇದನ್ನು ಅವಳು ಗಂಡ ಐಗಿಲ್‌ಗೆ ಹೇಳಿದ್ದು ದೋಣಿಯ ಪಕ್ಕದಲ್ಲಿ. ಐಗಿಲ್ ಸಿಟಿ ಬಸ್ಸು ಓಡಿಸಿ ನಿವೃತ್ತನಾದವನು. ಅವನ ಹತ್ತಿರ ಒಂದು ಹಳೆಯ ಮರದ ದೋಣಿಯಿತ್ತು. ಪ್ರತಿ ವಸಂತದಲ್ಲೂ ಅದನ್ನು ಮಗುಚಿ ಹಾಕಿ, ಹಳೆಯ ಬಣ್ಣ ಕೆರೆದು, ಹೊಸ ಬಣ್ಣ ಬಳಿಯುತ್ತಿದ್ದ. ಹೆಂಡತಿ ಹೇಳಿದ್ದನ್ನೆಲ್ಲ ಕೇಳಿ, ಕೆರೆಯುವುದನ್ನು ನಿಲ್ಲಿಸದೆ, "ಇದೇ ಕೆಲ್ಸ ಅಲ್ವೇನೇ? ಹಳೇದು ಕೆರೀದೆ ಹೊಸದು ಕೂರಲ್ಲ," ಎಂದ. ಅವಳು ನಕ್ಕಳು. "ನೀನು ವರ್ಷಕ್ಕೊಂದ್ಸಲ ಕೆರೀತೀಯ. ತಲೆ ಹಾಗಲ್ಲ, ಮುಟ್ಟಿದಾಗೆಲ್ಲ ಕೆರ್ಕೊಳುತ್ತೆ," ಎಂದಳು.

ಇನ್ನು ಆ ಕೇಕಿನ ಸಂಗತಿ. ಇಲಿಗೆ ಒಂದು ಸದ್ದು ಕೇಳಿಸಿ, ಕಾಲಿಗೆ ಚುರುಕ್ಕೆಂದು ಸಣ್ಣ ಕರೆಂಟು ಮುಟ್ಟಿಸುತ್ತಾರೆ. ಮಾರನೆಯ ದಿನ ಬರೀ ಸದ್ದು ಕೇಳಿದರೂ ಸಾಕು, ಇಲಿ ಇದ್ದಲ್ಲೇ ಕಲ್ಲಾಗಿ ನಿಲ್ಲುತ್ತದೆ. ನೆನಪಿದೆ ಎಂದು ಅರ್ಥ. ಆ ನೆನಪು ಮೇಲೆದ್ದ ಹೊತ್ತಿನಲ್ಲೇ ತಲೆಯೊಳಗೆ ಭಯ ಕೂರುವ ಜಾಗಕ್ಕೆ ಔಷಧ ಬಿಡಬೇಕು. ಒಂದು ಸೀಸೆಯ ಔಷಧ ಹೊಸ ಪ್ರೋಟೀನು ಕಟ್ಟದಂತೆ ತಡೆಯುತ್ತದೆ. ಸಡಿಲವಾದ ನೆನಪು ಮತ್ತೆ ಬಿಗಿಯುವುದಿಲ್ಲ, ಇಲಿ ಹೆದರಿಕೆ ಮರೆಯುತ್ತದೆ. ಇನ್ನೊಂದು ಸೀಸೆಯಲ್ಲಿ ಅದರ ಜೊತೆಗೆ ಗಿರಣಿಯನ್ನೇ ನಿಲ್ಲಿಸುವ ಔಷಧವೂ ಇರುತ್ತದೆ. ಒಡೆಯುವುದೇ ನಿಂತರೆ ನೆನಪು ಸಡಿಲವಾಗುವುದೇ ಇಲ್ಲ. ಇಲಿ ಮರೆಯುವುದೂ ಇಲ್ಲ. ಎರಡು ಸೀಸೆಯೂ ನೋಡುವುದಕ್ಕೆ ನೀರಿನ ಹಾಗೆ.

ಯಾವ ಇಲಿಗೆ ಯಾವುದು ಹೋಗುತ್ತಿದೆ ಎಂದು ಚುಚ್ಚುವವರಿಗೆ ಗೊತ್ತಿರಬಾರದು. ಗೊತ್ತಿದ್ದರೆ ಕೈ ತನಗೆ ಬೇಕಾದ ಕಡೆಗೆ ವಾಲುತ್ತದೆ. ಅದಕ್ಕೆ ಅಲ್ಲಿ ಕಟ್ಟುನಿಟ್ಟಾದ ಕ್ರಮವಿತ್ತು. ಗುನ್ವೊರ್ ಎರಡೂ ಸೀಸೆ ತುಂಬಿಸಿ, ಔಷಧದ ಹೆಸರು ಬರೆದು, ಮೇಜಿನ ಮೇಲಿಟ್ಟು ಹೊರಗೆ ಹೋಗುತ್ತಾಳೆ. ಇನ್ನೊಬ್ಬರು ಒಳಗೆ ಬಂದು ಒಂದಕ್ಕೆ ಕೆಂಪು ಟೇಪು, ಇನ್ನೊಂದಕ್ಕೆ ಹಸಿರು ಟೇಪು ಹೆಸರು ಮುಚ್ಚುವಂತೆ ಸುತ್ತಿ, ಯಾವ ಬಣ್ಣ ಯಾವ ಔಷಧಕ್ಕೆಂದು ಬರೆದಿಟ್ಟುಕೊಳ್ಳುತ್ತಾರೆ. ಆಮೇಲೆ ಅವಳನ್ನು ಕರೆಯುತ್ತಾರೆ. ಅವಳಿಗೆ ಬಣ್ಣವಷ್ಟೇ ಗೊತ್ತು. ಟೇಪು ಸುತ್ತುವ ಕೆಲಸದವರು ಆ ಜುಲೈಯಲ್ಲಿ, ದೇಶದ ಅರ್ಧ ಜನರ ಹಾಗೆ, ರಜೆ ಹಾಕಿ ಸಮುದ್ರದ ದಂಡೆಗೆ ಹೋಗಿದ್ದರು. ಪ್ರೆಬೆನ್, ನಾನೇ ಸುತ್ತುತ್ತೇನೆ ಬಿಡು, ಎಂದ. ಗುನ್ವೊರ್ ಹೊರಗೆ ಓಣಿಯಲ್ಲಿ, ಗೋಡೆಗೊರಗಿ ನಿಂತಳು. ಒಳಗಿನಿಂದ ಅವನು ಕರೆದ. ಅವಳು ಹೋಗಿ ತನ್ನ ಕೆಲಸ ಮಾಡಿದಳು.

ಫಲಿತಾಂಶ ಬಂದಾಗ ಎಲ್ಲವೂ ತಲೆಕೆಳಗು. ಮರೆಯಬೇಕಾದ ಇಲಿಗಳು ಕಲ್ಲಾಗಿ ನಿಂತಿದ್ದವು. ಮರೆಯಬಾರದವು ಮೂಗು ಅಲ್ಲಾಡಿಸುತ್ತ ಆರಾಮವಾಗಿ ಓಡಾಡಿಕೊಂಡಿದ್ದವು. ಸೀಸೆ ಎಲ್ಲೋ ಅದಲುಬದಲಾಗಿದೆ ಎಂದು ಎಂಥವರಿಗೂ ಗೊತ್ತಾಗುತ್ತಿತ್ತು. ಪ್ರೆಬೆನ್ ಒಂದು ಸಲ ನೋಡಿದ, ಕುರ್ಚಿಯನ್ನು ಹಿಂದಕ್ಕೆ ವಾಲಿಸಿ ನಕ್ಕ.

"ಗುನ್ವೊರ್, ಸೀಸೆ ಅದಲುಬದಲು ಮಾಡಿದ್ದೀಯ ಕಣೇ. ಶುಕ್ರವಾರ ಕೇಕು."

"ತುಂಬಿಸಿದ್ದು ನಾನು. ಟೇಪು ಸುತ್ತಿದ್ದು ನೀನು," ಎಂದಳು ಅವಳು. "ನನ್ನ ಕೈಯಲ್ಲೇ ಆಗಿದ್ದು ಅಂತ ಹೇಗೆ ಹೇಳ್ತೀಯ?"

"ಎರಡು ಟೇಪು ಸುತ್ತೋಕೂ ಬರಲ್ವಾ ನಂಗೆ?" ಎಂದು ಅವನು ಸುತ್ತ ಇದ್ದವರ ಮುಖ ನೋಡಿದ. ಎಲ್ಲರೂ ನಕ್ಕರು. ಪ್ರೊಫೆಸರು ನಕ್ಕರೆ ನಗುವವರು ಎಲ್ಲ ಕಡೆಯೂ ಇರುತ್ತಾರೆ.

ಆ ಸಲದ ಕೆಲಸವನ್ನು ಬಿಸಾಡಿ ಮತ್ತೆ ಮಾಡಿದರು, ಫಲಿತಾಂಶ ಸರಿಯಾಗಿಯೇ ಬಂತು. ಪ್ರೆಬೆನ್‌ಗೆ ಹೆಸರು ಬಂತು. ಯಾರಿಗೂ ಏನೂ ನಷ್ಟವಾಗಲಿಲ್ಲ, ಗುನ್ವೊರ್‌ಳ ಹೆಸರಿನ ಹೊರತು. ಆ ಶುಕ್ರವಾರ ಮೇಜಿನ ಮೇಲೆ ಬರೀ ಕಾಫಿಯಿತ್ತು. ಅದರ ಮುಂದಿನ ಶುಕ್ರವಾರವೂ ಬರೀ ಕಾಫಿ. ತಪ್ಪು ನನ್ನದೋ ನಿನ್ನದೋ ಗೊತ್ತಿಲ್ಲ ಎಂದು ನೀನು ಒಂದು ಮಾತು ಹೇಳು, ಇಬ್ಬರೂ ಸೇರಿ ಕೇಕು ತರೋಣ ಎಂದು ಅವಳು ಅವನ ಕೋಣೆಗೆ ಹೋಗಿ ಹೇಳಿದಳು. ಎಷ್ಟು ನ್ಯಾಯವಾದ ಮಾತು ನೋಡಿ. ಅವನು, ಇಷ್ಟು ಚಿಕ್ಕದಕ್ಕೆ ಇಷ್ಟೊಂದಾ ಎಂದು ಅವಳ ಭುಜ ತಟ್ಟಿ ಕಳಿಸಿದ.

ಕೇಕು ಬರಲಿಲ್ಲವಾದ್ದರಿಂದ ಮಾತೂ ಮುಗಿಯಲಿಲ್ಲ. ರೂಢಿಯ ಪ್ರಕಾರ ಅದನ್ನು ಎತ್ತುವುದಕ್ಕೆ ಯಾರಿಗೂ ಅಡ್ಡಿಯಿರಲಿಲ್ಲ. ಪ್ರೆಬೆನ್ ಎತ್ತಿದ. ಹೊಸಬರು ಸೇರಿದಾಗ ಹೇಳಿದ, ಕ್ರಿಸ್‌ಮಸ್ ಊಟದಲ್ಲಿ ಹೇಳಿದ, ಹೊರದೇಶದ ಸಭೆಗಳಲ್ಲಿ ಭಾಷಣಕ್ಕೆ ಮೊದಲು ಜನರನ್ನು ನಗಿಸುವುದಕ್ಕೂ ಹೇಳಿದ. ಹೇಳಿದಾಗೆಲ್ಲ ಕಥೆಗೆ ಸ್ವಲ್ಪ ಉಪ್ಪು ಖಾರ ಸೇರುತ್ತಿತ್ತು. ಮೊದಲು ಗುನ್ವೊರ್ ಸೀಸೆ ತುಂಬಿಸುವಾಗ ಅದಲುಬದಲು ಮಾಡಿದ್ದಳು. ಆಮೇಲೆ ಅವಳಿಗೆ ನೆಗಡಿಯಾಗಿತ್ತು. ಆಮೇಲೆ ಅವಳು ಏನೋ ಹಾಡು ಗುನುಗುತ್ತಿದ್ದಳು. ಕೊನೆಕೊನೆಗೆ ಅವಳು ಹಸಿರು ಟೇಪನ್ನು ಹಲ್ಲಿನಲ್ಲಿ ಕಚ್ಚಿ ಹರಿದು ತಪ್ಪು ಸೀಸೆಗೆ ಸುತ್ತುವುದನ್ನು ಪ್ರೆಬೆನ್ ಬಾಗಿಲಲ್ಲಿ ನಿಂತು ಕಣ್ಣಾರೆ ಕಂಡಿದ್ದ. ಕಂಡೂ ಸುಮ್ಮನಿದ್ದನಂತೆ, ಹೇಗಿದ್ದರೂ ಸರಿ ಮಾಡುತ್ತಾಳೆ ಎಂದುಕೊಂಡು. ಕೇಳಿದವರೆಲ್ಲ ಅವನ ದೊಡ್ಡ ಮನಸ್ಸನ್ನು ಮೆಚ್ಚಿಕೊಂಡರು. ಹೊಟ್ಟೆಯುರಿಯುವುದು ಇದಕ್ಕೇ.

ಅವಳು ಪ್ರತಿ ಸಲವೂ ಎದ್ದು ನಿಂತು, ಅದು ಹಾಗಲ್ಲ, ಎನ್ನುವುದಕ್ಕೆ ಆಗುತ್ತದೆಯೇ? ಎರಡು ಸಲ ಹೇಳಿದಳು. ಎರಡನೆಯ ಸಲ, ಪಾಪ ಇನ್ನೂ ಮರೆತಿಲ್ಲ, ಎಂದು ಯಾರೋ ಅಂದರು. ಆಮೇಲೆ ಅವಳು ಬಾಯಿ ಮುಚ್ಚಿಕೊಂಡು ಬ್ರೆಡ್ಡು ತಿನ್ನುವುದನ್ನು ಕಲಿತಳು.

ಪೋರ್ಚುಗಲ್‌ನಿಂದ ಇನೇಸ್ ಎಂಬ ಸಂಶೋಧಕಿ ಬಂದು ಸೇರಿದ ವಾರದಲ್ಲಿ ಒಂದು ಸಂಗತಿ ನಡೆಯಿತು. ಇನೇಸ್ ಎರಡು ಡಬ್ಬಿಗಳ ಮುಚ್ಚಳವನ್ನು ಅದಲುಬದಲು ಹಾಕಿ, ಪಕ್ಕದಲ್ಲಿದ್ದ ಗುನ್ವೊರ್ ಕಡೆ ತಿರುಗಿ, "ಛೆ, ಗುನ್ವೊರ್ ಮಾಡ್ಬಿಟ್ಟೆ," ಎಂದಳು.

"ಹಾಗಂದ್ರೆ?"

"ಅದಲುಬದಲು ಮಾಡೋದಕ್ಕೆ ಹಾಗಂತಾರಲ್ವಾ ಇಲ್ಲಿ? ಡೇನಿಷ್ ಮಾತು ಅಂದ್ಕೊಂಡಿದ್ದೆ."

ಗುನ್ವೊರ್ ತನ್ನ ಕೋಟಿನ ಜೇಬಿನ ಮೇಲೆ ಹೊಲಿದಿದ್ದ ಹೆಸರನ್ನು ತೋರಿಸಿದಳು. ಇನೇಸ್ ಓದಿಕೊಂಡಳು. ಅವಳ ಮುಖ ಕೆಂಪಾಯಿತು. ಅವಳದೇನು ತಪ್ಪು? ಬಂದ ದೇಶದ ಮಾತು ಕಲಿಯುತ್ತಿದ್ದಳು ಅಷ್ಟೆ. ಗುನ್ವೊರ್ ಕೈ ತೊಳೆಯುವ ನೆಪದಲ್ಲಿ ಹೋಗಿ ನಲ್ಲಿ ಬಿಟ್ಟುಕೊಂಡು ತುಂಬ ಹೊತ್ತು ನಿಂತಳು. ಇಷ್ಟು ವರ್ಷ ದುಡಿದದ್ದಕ್ಕೆ ಆ ಜಾಗದಲ್ಲಿ ಉಳಿಯುವುದು ಇದೇ ಎಂದು ಅವಳಿಗೆ ಆಗ ಗೊತ್ತಾಯಿತು. ಕೆಲಸ ಉಳಿಯುವುದಿಲ್ಲ, ಕೈಯ ನಯ ಉಳಿಯುವುದಿಲ್ಲ. ತನ್ನದೆಂದು ಯಾರೂ ತೋರಿಸಿಕೊಡದ ತಪ್ಪೊಂದು ಅವಳ ಹೆಸರಿಟ್ಟುಕೊಂಡು ಓಡಾಡುತ್ತಿರುತ್ತದೆ.

ಇದನ್ನೂ ನುಂಗಿಕೊಳ್ಳಬಹುದಿತ್ತು. ನುಂಗಲಾಗದ್ದು ಇನ್ನೊಂದಿತ್ತು, ಅದನ್ನು ಅವಳು ಯಾರಿಗೂ ಹೇಳಿರಲಿಲ್ಲ. ತನ್ನ ನಿವೃತ್ತಿಯ ವರ್ಷದ ವಸಂತದಲ್ಲಿ, ದೋಣಿಯ ಹತ್ತಿರ ಬಿಸಿಲಿನಲ್ಲಿ ಕೂತಿದ್ದಾಗ ಗಂಡನಿಗೆ ಹೇಳಿದಳು.

"ಐಗಿಲ್, ಅದು ನಾನೇ ಮಾಡಿದ್ದಿರಬೇಕು ಕಣೋ."

ಐಗಿಲ್ ಕೆರೆಯುವುದನ್ನು ನಿಲ್ಲಿಸಿದ. ಇಷ್ಟು ವರ್ಷ ಆ ಕೇಕಿನ ಹೆಸರೆತ್ತಿದರೆ ಸಾಕು ಮನೆಯಲ್ಲಿ ತಟ್ಟೆಗಳು ಸದ್ದು ಮಾಡುತ್ತಿದ್ದವು. ಒಂದು ಕೇಕು ತಾನೆ, ಮಾಡಿ ಬಿಸಾಕೇ ಎಂದು ಅಂದದ್ದಕ್ಕೆ ಅವನು ಒಂದು ವಾರ ತಾನೇ ಅಡುಗೆ ಮಾಡಿಕೊಂಡದ್ದೂ ಉಂಟು. ಈಗ ಅವಳೇ ಹೀಗೆನ್ನುತ್ತಿದ್ದಾಳೆ.

"ಯಾಕೆ ಹಾಗಂತೀಯ?"

"ಕಣ್ಮುಂದೆ ಬರುತ್ತೆ. ಮೇಜು, ಸೀಸೆ, ನನ್ನ ಕೈ, ಎಲ್ಲಾ. ಮೊದ್ಲು ಮಬ್ಬುಮಬ್ಬಾಗಿತ್ತು. ಈಗ ನಿನ್ನ ನೋಡ್ತಿದೀನಲ್ಲ, ಹಾಗೆ ಕಾಣುತ್ತೆ. ಸುಮ್ನೆ ಅವನ ಮೇಲೆ ಹಗೆ ಸಾಧಿಸ್ಕೊಂಡು ಬಂದೆ ಅನ್ಸುತ್ತೆ."

ಬೀಳ್ಕೊಡುಗೆ ಹತ್ತಿರ ಬರುತ್ತಿತ್ತು. ಅದಕ್ಕೆ ಮೊದಲು ಒಂದು ಸೇಬಿನ ಕೇಕು ಮಾಡಿಕೊಂಡು ಹೋಗಿ, ಆಯಿತಪ್ಪ, ನನ್ನದೇ ತಪ್ಪು, ತಿನ್ನಿ ಎಂದು ಕೊಟ್ಟುಬಿಡುತ್ತೇನೆ, ಮಾತು ಮುಗಿದುಹೋಗಲಿ, ಎಂದಳು. ಅಪ್ಪನ ಮುಖ ನೆನಪಾಗುತ್ತದೆ, ಆದರೆ ಅಪ್ಪ ನಿಜವಾಗಿ ನೀರು ಬೆರೆಸಿರಲಿಲ್ಲವಲ್ಲ, ಎಂದಳು. ಐಗಿಲ್‌ಗೆ ಸಮಾಧಾನ ಹೇಳುವುದು ಬರುತ್ತಿರಲಿಲ್ಲ. ಬಸ್ಸಿನಲ್ಲಿ ಯಾರಾದರೂ ಅತ್ತರೆ ಅವನು ಮುಂದಿನ ನಿಲ್ದಾಣದವರೆಗೆ ಸ್ವಲ್ಪ ನಿಧಾನವಾಗಿ ಓಡಿಸುತ್ತಿದ್ದ, ಅಷ್ಟೆ. ಈಗಲೂ ಅವಳ ಕೈಗೆ ಏನಾದರೂ ಕೆಲಸ ಕೊಟ್ಟರೆ ಸರಿಹೋದೀತು ಎಂದು, ದೋಣಿಯ ಬಣ್ಣದ ಗೆರೆ ನೇರ ಬರುವುದಕ್ಕೆ ಅಂಟಿಸುವ ಟೇಪಿನ ಸುರುಳಿಯನ್ನು ಅವಳ ಕಡೆಗೆ ಚಾಚಿದ. ಆ ವರ್ಷ ಅಂಗಡಿಯಲ್ಲಿ ಸಿಕ್ಕಿದ್ದು ಹಸಿರು.

ಅವಳು ಸುರುಳಿ ತೆಗೆದುಕೊಂಡು ಉಗುರಿನಿಂದ ತುದಿ ಹುಡುಕಿದಳು. ತುದಿ ಸಿಕ್ಕಲಿಲ್ಲ. ಕಸಿವಿಸಿಯಿಂದ ಸುರುಳಿಯನ್ನು ತಿರುಗಿಸಿ ತಿರುಗಿಸಿ ನೋಡಿದಳು. ಕೊನೆಗೆ ಸಿಕ್ಕಿದ ತುದಿಯನ್ನು ಎಳೆದು, ಹರಿಯುವುದಕ್ಕೆ ಬಾಯಿಯ ಹತ್ತಿರ ತಂದಳು. ಅಲ್ಲೇ ಅವಳ ಕೈ ನಿಂತಿತು.

ಕಣ್ಣ ಮುಂದೆ ಬರುವ ಆ ಚಿತ್ರದಲ್ಲಿ ಅವಳು ಮಾಡುತ್ತಿದ್ದದ್ದು ಇದನ್ನೇ. ಹಸಿರು ಟೇಪನ್ನು ಹಲ್ಲಿನಲ್ಲಿ ಹರಿದು ಸೀಸೆಗೆ ಸುತ್ತುತ್ತಿದ್ದಳು. ಅದೇ ಮೇಜು, ಅದೇ ಬೆಳಕು. ಆದರೆ ಆ ಪ್ರಯೋಗಶಾಲೆಯಲ್ಲಿ ಅವಳು ಆ ಟೇಪನ್ನು ಒಂದು ದಿನವೂ ಮುಟ್ಟಿದವಳಲ್ಲ. ಮುಟ್ಟುವ ಹಾಗೇ ಇರಲಿಲ್ಲ. ಟೇಪು ಸುತ್ತುವಾಗ ಅವಳು ಓಣಿಯಲ್ಲಿ ಗೋಡೆಗೊರಗಿ ನಿಂತಿರಬೇಕು, ಅದೇ ಕ್ರಮ. ಸೀಸೆ ತುಂಬಿಸುವಾಗ ಅವಳೇ ತಪ್ಪು ಮಾಡಿದ್ದರೂ ಮಾಡಿರಬಹುದು. ಆದರೆ ಈ ಚಿತ್ರದಲ್ಲಿ ಇರುವುದು ಆ ತಪ್ಪಲ್ಲ. ಇದು ಅವಳು ಕಂಡದ್ದೂ ಅಲ್ಲ, ಮಾಡಿದ್ದೂ ಅಲ್ಲ. ಊಟದ ಕೋಣೆಯಲ್ಲಿ ಕೂತು ಕೇಳಿದ್ದು. ಪ್ರೆಬೆನ್ ಒಂದೊಂದು ಸಲ ಹೇಳಿದಾಗಲೂ ಅವಳು ಹಲ್ಲು ಕಚ್ಚಿಕೊಂಡು ಆ ದಿನವನ್ನು ನೆನೆಸಿಕೊಂಡಿದ್ದಳು. ನೆನೆಸಿಕೊಂಡಾಗಲೆಲ್ಲ ಗಿರಣಿ ಓಡಿತ್ತು, ತನ್ನದು ಸಡಿಲವಾಗಿತ್ತು, ಅವನದು ಒಳಗೆ ಬಂದು ಬಿಗಿದುಕೊಂಡಿತ್ತು. ಇಲಿಗೆ ಮಾಡಿದ್ದನ್ನೇ ಅವಳಿಗೂ ಮಾಡಿದ್ದರು, ಔಷಧವೊಂದಿಲ್ಲದೆ.

"ನನ್ನ ತಲೆ ಒಳಗೂ ಬಂದು ಕೂತಿದಾನೆ," ಎಂದಳು. "ನನ್ನ ತಲೆ ಒಳಗೆ, ನನ್ನ ಕೈಯಲ್ಲೇ ಮಾಡಿಸಿದಾನೆ ಐಗಿಲ್."

ಹೆಸರು ಕೆಡಿಸುವುದು ಒಂದು. ಹೆಸರು ಕೆಟ್ಟವಳ ಬಾಯಲ್ಲೇ, ಹೌದು ನಾನೇ, ಎನ್ನಿಸುವುದು ಇನ್ನೊಂದು. ಇನ್ನೇನು ಒಂದು ವಾರ ಕಳೆದಿದ್ದರೆ ಅವಳು ಕೇಕು ಹೊತ್ತುಕೊಂಡು ಹೋಗಿ ಅವನ ಮುಂದೆ ಇಡುತ್ತಿದ್ದಳು. ಆ ದಿನ ಐಗಿಲ್ ಹೆಂಡತಿಯ ಪಕ್ಕದಲ್ಲಿ ಕೂತು, ಮನೆಯಲ್ಲಿ ಸೇಬು ಇದೆಯಲ್ಲ, ಅದನ್ನು ನಾವೇ ತಿನ್ನೋಣ ಎಂದ. ತಿಂದರು.

ಬೀಳ್ಕೊಡುಗೆ ಊಟದ ಕೋಣೆಯಲ್ಲೇ ನಡೆಯಿತು. ಮೇಜಿನ ಮೇಲೆ ಪುಟ್ಟ ಪುಟ್ಟ ಬಾವುಟ, ಸೀಗಡಿ ಹಾಕಿದ ಬ್ರೆಡ್ಡು, ಬಿಳಿ ವೈನು. ಇಡೀ ವಿಭಾಗ ಬಂದಿತ್ತು, ಮೇಲಿನ ನಿರ್ದೇಶಕರೂ ಬಂದಿದ್ದರು. ಐಗಿಲ್ ಇದ್ದೊಂದು ಕೋಟು ಹಾಕಿಕೊಂಡು ಕಿಟಕಿಯ ಹತ್ತಿರ ನಿಂತಿದ್ದ. ಪ್ರೆಬೆನ್ ಗ್ಲಾಸಿಗೆ ಚಮಚ ತಟ್ಟಿ ಎದ್ದ. ಗುನ್ವೊರ್ ಕೈಯ ಬಗ್ಗೆ ಒಳ್ಳೆಯ ಮಾತಾಡಿದ, ಅದು ನಿಜ. ಅವನಿಗೆ ಅವಳ ಮೇಲೆ ಪ್ರೀತಿಯಿತ್ತು, ಅದೂ ನಿಜ. ಆಮೇಲೆ ದನಿ ತಗ್ಗಿಸಿ, ಎಲ್ಲರೂ ಕಾಯುತ್ತಿದ್ದ ಕಥೆಗೆ ಬಂದ. ನೆಗಡಿ ಬಂತು, ಹಾಡು ಬಂತು, ಹಸಿರು ಟೇಪು ಬಂತು. ಬಾಗಿಲಲ್ಲಿ ನಿಂತು ನನ್ನ ಈ ಎರಡು ಕಣ್ಣಿಂದ ನೋಡಿದೆ, ಎಂದ. ನಮಗೆ ಇವತ್ತಿಗೂ ಆ ಕೇಕು ಸಿಕ್ಕಿಲ್ಲ, ಎಂದ. ಕೋಣೆ ನಕ್ಕಿತು.

ಗುನ್ವೊರ್ ಗ್ಲಾಸು ಕೆಳಗಿಟ್ಟು ಎದ್ದಳು. ಭಾಷಣಕ್ಕೆ ಎದ್ದಳೆಂದುಕೊಂಡು ಜನ ಚಪ್ಪಾಳೆ ತಟ್ಟಿದರು. ಅವಳು ಅದು ನಿಲ್ಲುವವರೆಗೆ ಕಾದಳು.

"ಪ್ರೆಬೆನ್, ಟೇಪು ಸುತ್ತಿದ್ದು ನಾನು ಅಂತೀಯ. ನೀನು ನೋಡಿದ್ದೀಯ."

"ನೋಡಿದೀನಿ ಕಣೇ."

"ಹಾಗಾದ್ರೆ ಯಾವ ಇಲಿಗೆ ಏನು ಹೋಗ್ತಿದೆ ಅಂತ ನಂಗೆ ಗೊತ್ತಿತ್ತು. ಗೊತ್ತಿದ್ದೇ ಚುಚ್ಚಿದೆ. ಅದನ್ನ ನೀನು ನೋಡ್ಕೊಂಡು ಸುಮ್ನಿದ್ದೆ. ಹಾಗಿದ್ರೆ ಇಲ್ಲಿ ಮಾಡಿದ ಯಾವ ಕೆಲಸಾನ ಯಾರು ನಂಬಬೇಕು, ಹೇಳು. ಇಲ್ಲಾ, ನೀನು ನೋಡೇ ಇಲ್ಲ. ಎರಡರಲ್ಲಿ ಒಂದು."

ಯಾರೂ ನಗಲಿಲ್ಲ. ನಿರ್ದೇಶಕರು ತಟ್ಟೆ ನೋಡಿಕೊಂಡರು. ಪ್ರೆಬೆನ್ ಕೈಯಲ್ಲಿದ್ದ ಚಮಚ ಕೆಳಗಿಟ್ಟ. ಅವನು ನೆನಪಿನಲ್ಲಿ ಹುಡುಕುತ್ತಿದ್ದದ್ದು ಎಲ್ಲರಿಗೂ ಕಾಣುತ್ತಿತ್ತು. ಆ ಬಾಗಿಲು, ಆ ಮೇಜು, ಆ ಹೆಂಗಸು. ಕೊನೆಗೆ ಮೆಲ್ಲಗೆ ಹೇಳಿದ.

"ನಾನೇ ಸುತ್ತಿದ್ದು. ನೀನು ಹೊರಗಿದ್ದೆ. ಆದ್ರೆ ನಂಗೆ ಕಾಣುತ್ತೆ ಗುನ್ವೊರ್. ದೇವರಾಣೆ, ನೀನು ಸುತ್ತೋದೇ ಕಾಣುತ್ತೆ."

"ನಂಗೂ ಕಾಣುತ್ತೆ," ಎಂದಳು ಅವಳು. "ಅದಕ್ಕೇ ಇಷ್ಟು ಕೋಪ ನಂಗೆ."

ಅವನು ಅವಳ ಕೈ ಹಿಡಿದು, ಮುಂದಿನ ಶುಕ್ರವಾರ ಬಾ, ಕೇಕು ನಾನು ತರುತ್ತೇನೆ, ನಾನೇ ಮಾಡಿ ತರುತ್ತೇನೆ ಎಂದ. ಅವನ ಕಣ್ಣು ಒದ್ದೆಯಾಗಿತ್ತು. ಮನೆಗೆ ಹೋಗುವಾಗ ಗುನ್ವೊರ್ ಸೈಕಲ್ಲಿನ ಮೇಲೆ ಕೂತು, ಎಷ್ಟೋ ವರ್ಷಗಳ ಮೇಲೆ, ತಾನಾಗಿಯೇ ಒಂದು ಹಾಡು ಗುನುಗಿದಳು. ಐಗಿಲ್ ಹಿಂದಿನಿಂದ ತುಳಿದುಕೊಂಡು ಬರುತ್ತ ಕೇಳಿಸಿಕೊಂಡ.

ಮುಂದಿನ ಶುಕ್ರವಾರ ಅವಳು ಹೋದಳು, ಈ ಸಲ ಅತಿಥಿಯಾಗಿ, ಬಿಳಿ ಕೋಟಿಲ್ಲದೆ. ಕೇಕು ಬಂದಿತ್ತು. ನಡುವೆ ಕುಸಿದಿತ್ತು, ಅಂಚು ಕರಕಲಾಗಿತ್ತು. ಪ್ರೆಬೆನ್ ತಾನೇ ಮಾಡಿದ್ದು ಖಂಡಿತ. ಅವಳಿಗೆ ಅದನ್ನು ನೋಡಿ ನಗು ಬಂತು, ಮನಸ್ಸೂ ಸ್ವಲ್ಪ ಕರಗಿತು. ಅವನು ಎಲ್ಲರಿಗೂ ಒಂದೊಂದು ತುಂಡು ಕೊಟ್ಟು, ಮೇಜಿನ ತಲೆಯಲ್ಲಿ ನಿಂತು, ಈ ಕೇಕು ಯಾಕೆ ಎಂದು ಹೇಳಬೇಕಲ್ಲ ಎಂದು ಶುರುಮಾಡಿದ.

ಚೆನ್ನಾಗಿ ಹೇಳಿದ. ಅವನು ಯಾವತ್ತು ಕೆಟ್ಟದಾಗಿ ಹೇಳಿದ್ದ? ವರ್ಷಗಟ್ಟಲೆ ತಾನೊಂದು ಸಂಗತಿಯನ್ನು ಕಣ್ಣಾರೆ ಕಂಡಿದ್ದೇನೆಂದು ನಂಬಿಕೊಂಡಿದ್ದನಂತೆ. ಒಂದು ಬೆಳಿಗ್ಗೆ ಕನ್ನಡಿಯ ಮುಂದೆ ಗಡ್ಡ ಕೆರೆದುಕೊಳ್ಳುತ್ತಿದ್ದಾಗ ಅವನಿಗೆ ಹೊಳೆಯಿತಂತೆ: ಅರೆ, ಆ ಟೇಪು ಸುತ್ತಿದ್ದು ನಾನೇ ಅಲ್ಲವೇ, ಹಾಗಾದರೆ ನಾನು ಕಂಡದ್ದೇನು? ನೆನಪಿನ ಮೇಲೆ ಬದುಕೆಲ್ಲ ಕೆಲಸ ಮಾಡಿದವನ ನೆನಪೇ ಅವನಿಗೆ ಕೈಕೊಟ್ಟಿತ್ತು ನೋಡಿ, ಎಂದ. ಸುಮ್ಮನೆ ಇರಬಹುದಿತ್ತು, ಆದರೆ ಎಲ್ಲರ ಮುಂದೆ ಒಪ್ಪಿಕೊಳ್ಳಬೇಕೆನ್ನಿಸಿತು, ಎಂದ. ಮುಂದಿನ ಭಾಷಣಗಳನ್ನು ಇದರಿಂದಲೇ ಶುರುಮಾಡುತ್ತೇನೆ, ಎಂದ. ಜನ ಮೇಜು ತಟ್ಟಿದರು. ಯಾರದೋ ಕಣ್ಣಲ್ಲಿ ನೀರೂ ಬಂತು. ಇಂಥ ದೊಡ್ಡ ಮನುಷ್ಯನ ಕೈಕೆಳಗೆ ಕೆಲಸ ಮಾಡುವುದೇ ಪುಣ್ಯ ಎನ್ನುವ ಹಾಗೆ ನೋಡಿದರು.

ಒಂದು ವಾರ. ಬರೀ ಒಂದು ವಾರದಲ್ಲಿ. ಅವನು ಸುಳ್ಳು ಹೇಳುತ್ತಿರಲಿಲ್ಲ, ಗುನ್ವೊರ್‌ಗೆ ಅವನ ಮುಖ ನೋಡಿದರೆ ಗೊತ್ತಾಗುತ್ತಿತ್ತು. ಅವನಿಗೆ ಆ ಕನ್ನಡಿ ನಿಜವಾಗಿ ಕಾಣುತ್ತಿತ್ತು. ಹಸಿರು ಟೇಪು ಬಾಯಿಗೆ ತಂದು ಅವಳು ನಿಂತ ಆ ಗಳಿಗೆ, ಬೀಳ್ಕೊಡುಗೆಯಲ್ಲಿ ಅವಳು ಕೇಳಿದ ಮಾತು, ಎಲ್ಲ ಚೂರಾಗಿ ಹೋಗಿ ಅವನ ಗಡ್ಡದ ನೊರೆಯಾಗಿತ್ತು. ಇನೇಸ್ ಒಬ್ಬಳು ತಲೆತಗ್ಗಿಸಿ ಕೂತಿದ್ದಳು. ಉಳಿದವರೆಲ್ಲ, ಬೀಳ್ಕೊಡುಗೆಯಲ್ಲಿ ಕಿವಿಯಾರೆ ಕೇಳಿದ್ದವರು, ತಲೆದೂಗುತ್ತಿದ್ದರು.

ಆ ವಾರವಷ್ಟೇ ಸೇರಿದ್ದ ಒಬ್ಬ ಹೊಸಬ ಗುನ್ವೊರ್ ಪಕ್ಕದಲ್ಲಿ ಕೂತಿದ್ದ. ಅವನು ಅವಳ ಕಡೆ ಬಾಗಿ, "ಇದೆಲ್ಲಾ ಆದಾಗ ನೀವೂ ಇಲ್ಲೇ ಇದ್ರಾ?" ಎಂದು ಮರ್ಯಾದೆಯಿಂದ ಕೇಳಿದ.

"ಇದ್ದೆ," ಎಂದಳು ಗುನ್ವೊರ್. "ಬಾಗಿಲ ಹೊರಗೆ ನಿಂತಿದ್ದೆ."

ಪ್ರೆಬೆನ್ ಕೈಯೊರೆಸಿಕೊಂಡು, ಅವಳನ್ನು ನೋಡಿ ಪ್ರೀತಿಯಿಂದ ನಕ್ಕ. "ಸರಿ. ಎಲ್ರೂ ಕೇಕು ತಿಂದಾಯ್ತು, ಮಾತು ಮುಗೀತು," ಎಂದ.

"ನಾನು ತಿಂದಿಲ್ಲ," ಎಂದಳು ಗುನ್ವೊರ್.

ಅವಳ ತಟ್ಟೆಯಲ್ಲಿ ತುಂಡು ಹಾಗೆಯೇ ಇತ್ತು. ಅದನ್ನು ಎಲ್ಲರಿಗೂ ಕಾಣುವಂತೆ ಮೇಜಿನ ನಡುವಿಗೆ ಸರಿಸಿ, ಕುರ್ಚಿಯ ಮೇಲಿದ್ದ ಹೆಲ್ಮೆಟ್ಟು ತೆಗೆದುಕೊಂಡು, ಮೆಟ್ಟಿಲಿಳಿದು ಮನೆಗೆ ಹೋದಳು.